23 ನಿಮಿಷದ ಹಾಡು ಮೂರೂವರೆ ನಿಮಿಷಕ್ಕೆ ಇಳಿದಾಗ

ಪ್ರಶ್ನೆ: ಜೆನೆಸಿಸ್ ಬ್ಯಾಂಡಿನ ‘ಸಪ್ಪರ್ಸ್ ರೆಡಿ’ ಕೇಳಿ ಮರುಳಾದವನು ನಾನು. ಆಮೇಲೆ ಅದೇ ಬ್ಯಾಂಡಿನ ‘ಇನ್‌ವಿಸಿಬಲ್ ಟಚ್’ ಕೇಳಿದೆ. ಎರಡೂ ಒಂದೇ ಬ್ಯಾಂಡಿನವು ಎಂದು ನಂಬಲು ಕಷ್ಟವಾಯಿತು. ಎಂಬತ್ತರ ದಶಕದಲ್ಲಿ ಯೆಸ್, ರಷ್ ಮುಂತಾದ ಪ್ರೊಗ್ರೆಸಿವ್ ರಾಕ್ ಬ್ಯಾಂಡುಗಳೂ, ಅಂದರೆ ಉದ್ದನೆಯ, ಜಟಿಲ ರಾಕ್ ಹಾಡುಗಳನ್ನು ಕಟ್ಟುತ್ತಿದ್ದವರೂ, ಹೀಗೆಯೇ ಬದಲಾದವು, ದುಡ್ಡಿಗಾಗಿ ತಮ್ಮತನವನ್ನು ಮಾರಿಕೊಂಡವು ಎನ್ನುತ್ತಾರೆ. ಇದು ನಿಜವೇ? ಒಬ್ಬರಿಗೊಬ್ಬರನ್ನು ಹೋಲಿಸಿದರೆ ಯಾರು ಈ ಬದಲಾವಣೆಯನ್ನು ಚೆನ್ನಾಗಿ ದಾಟಿದರು?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಜೆನೆಸಿಸ್‌ನ 1980ರ ‘ಡ್ಯೂಕ್’ ಆಲ್ಬಮ್ಮಿನ ‘ಟರ್ನ್ ಇಟ್ ಆನ್ ಎಗೇನ್’ ಹಾಡನ್ನು ಹಾಕಿಕೊಂಡು ತೊಡೆಯ ಮೇಲೆ ನಾಲ್ಕು ನಾಲ್ಕಾಗಿ ತಾಳ ಹಾಕುತ್ತಾ ಹೋಗಿ. ಡ್ರಮ್ಸ್ ನೆಟ್ಟಗೆ ಬೀಳುತ್ತಿರುತ್ತದೆ, ರೇಡಿಯೋದಲ್ಲಿ ಬರುವ ಯಾವುದೇ ರಾಕ್ ಹಾಡಿನ ಹಾಗೆಯೇ ಕೇಳಿಸುತ್ತದೆ. ಆದರೆ ಎರಡು ಸಾಲು ಮುಗಿಯುವಷ್ಟರಲ್ಲಿ ನಿಮ್ಮ ಕೈ ಒಂದು ಕಡೆ, ಹಾಡು ಒಂದು ಕಡೆ ಆಗಿರುತ್ತದೆ. ಯಾಕೆಂದರೆ ಅದರ ಆವರ್ತನ 13 ಮಾತ್ರೆಗಳದು. ಆರು, ಅದರ ಬೆನ್ನಿಗೆ ಏಳು. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ಏರಿದ ಹಾಡು ಇದು. ಅದಕ್ಕೆ ತಲೆದೂಗಿದ ಬಹುಪಾಲು ಜನರಿಗೆ ತಾವು 13ರ ತಾಳಕ್ಕೆ ತೂಗುತ್ತಿದ್ದೇವೆ ಎಂಬುದು ಹೊಳೆದೇ ಇರಲಿಕ್ಕಿಲ್ಲ.

ನನ್ನ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ. ಹಾಡು ಗಿಡ್ಡವಾಯಿತು ಅಂದ ಮಾತ್ರಕ್ಕೆ ಹಾಡು ಸರಳವಾಯಿತು ಎಂದಾಗುವುದಿಲ್ಲ. ಎಪ್ಪತ್ತರ ದಶಕದಲ್ಲಿ ಹಾಡಿನ ಉದ್ದದಲ್ಲೇ ಎದ್ದು ಕಾಣುತ್ತಿದ್ದ ಜಟಿಲತೆ ಎಂಬತ್ತರಲ್ಲಿ ಎಲ್ಲಿಗೆ ಹೋಯಿತು ಎಂದು ಒಂದೊಂದು ಬ್ಯಾಂಡಿನಲ್ಲೂ ಹುಡುಕಬೇಕು. ಕೆಲವರಲ್ಲಿ ಅದು ತಾಳದೊಳಗೆ ಅಡಗಿ ಕುಳಿತಿತು. ಕೆಲವರಲ್ಲಿ ಸ್ಟುಡಿಯೋದ ಯಂತ್ರಗಳೊಳಗೆ ಸೇರಿಕೊಂಡಿತು. ಇನ್ನು ಕೆಲವರಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ; ಅಂಥವರ ವಿಷಯದಲ್ಲಿ ಮಾತ್ರ ನೀವು ಹೇಳುವ ‘ಮಾರಿಕೊಂಡರು’ ಎಂಬ ಮಾತನ್ನು ನಾನು ಒಪ್ಪುತ್ತೇನೆ.

ಬದಲಾವಣೆಗೆ ಕಾರಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 1976-77ರಲ್ಲಿ ಗಿಡ್ಡ, ಒರಟು ಹಾಡುಗಳ ಪಂಕ್ ರಾಕ್ ಬಂದು ಉದ್ದನೆಯ ಹಾಡುಗಳ ಬ್ಯಾಂಡುಗಳನ್ನೆಲ್ಲ ಹಳಬರ ಸಾಲಿಗೆ ತಳ್ಳಿತು ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದು ಅರ್ಧ ನಿಜ. ಪಂಕ್ ಬಂದದ್ದು ಮುಖ್ಯವಾಗಿ ಬ್ರಿಟನ್ನಿನಲ್ಲಿ. ಈ ಬ್ಯಾಂಡುಗಳ ಅನ್ನ ಇದ್ದದ್ದು ಅಮೆರಿಕದಲ್ಲಿ. ಅಲ್ಲಿ ನಿಜವಾಗಿ ಬದಲಾದದ್ದು ರೇಡಿಯೋ. ಎಪ್ಪತ್ತರ ಆರಂಭದಲ್ಲಿ ಎಫ್‌ಎಂ ನಿರೂಪಕರು ತಮಗೆ ಬೇಕೆನಿಸಿದರೆ ಎಲ್‌ಪಿ ತಟ್ಟೆಯ ಒಂದು ಇಡೀ ಮಗ್ಗುಲನ್ನೇ ಹಾಕಿಬಿಡುತ್ತಿದ್ದರು. ದಶಕದ ಕೊನೆಗೆ ಸಲಹೆಗಾರರು ಸಿದ್ಧಪಡಿಸಿದ ಪಟ್ಟಿಗಳು ಬಂದವು, ನಿರೂಪಕರ ಸ್ವಾತಂತ್ರ್ಯ ಹೋಯಿತು. 1979ರ ಹೊತ್ತಿಗೆ ಅಲ್ಲಿನ ರೆಕಾರ್ಡ್ ವ್ಯಾಪಾರವೂ ಕುಸಿದು ಕಂಪನಿಗಳು ಖರ್ಚಿಗೆ ಕೈ ಬಿಗಿಹಿಡಿದವು. ಎಮರ್ಸನ್, ಲೇಕ್ ಅಂಡ್ ಪಾಮರ್ (ಇಎಲ್‌ಪಿ) ಬ್ಯಾಂಡ್ 1977ರಲ್ಲಿ ಇಡೀ ಆರ್ಕೆಸ್ಟ್ರಾವನ್ನು ಕಟ್ಟಿಕೊಂಡು ಪ್ರವಾಸ ಹೊರಟು, ಖರ್ಚು ತಾಳಲಾರದೆ ಕೆಲವೇ ಪ್ರದರ್ಶನಗಳ ನಂತರ ಅದನ್ನು ಕೈಬಿಡಬೇಕಾಯಿತು. 1981ರ ಆಗಸ್ಟ್ 1ಕ್ಕೆ ಹಾಡುಗಳ ವಿಡಿಯೋ ತೋರಿಸುವ ಟಿವಿ ವಾಹಿನಿ ಎಂಟಿವಿ ಶುರುವಾಯಿತು. ಇನ್ನು ಈ ಸಂಗೀತಗಾರರು ಇಪ್ಪತ್ತರ ಹುಡುಗರಾಗಿ ಉಳಿದಿರಲಿಲ್ಲ. ಮದುವೆ, ಮಕ್ಕಳು, ವಿಚ್ಛೇದನ ಎಲ್ಲವನ್ನೂ ಕಂಡು ಮೂವತ್ತು ದಾಟಿದ್ದರು. ಈ ಕೊನೆಯ ಕಾರಣವನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನನಗೆ ಅದೇ ದೊಡ್ಡದಾಗಿ ಕಾಣುತ್ತದೆ.

ಈಗ ಜೆನೆಸಿಸ್. ನಿಮ್ಮ ಪ್ರೀತಿಯ ‘ಸಪ್ಪರ್ಸ್ ರೆಡಿ’ ಬಂದದ್ದು 1972ರ ‘ಫಾಕ್ಸ್‌ಟ್ರಾಟ್’ ಆಲ್ಬಮ್ಮಿನಲ್ಲಿ, ಸುಮಾರು 23 ನಿಮಿಷ. ಆಗ ಬ್ಯಾಂಡಿನಲ್ಲಿ ಐವರಿದ್ದರು. 1975ರಲ್ಲಿ ಗಾಯಕ ಪೀಟರ್ ಗೇಬ್ರಿಯಲ್ ಹೊರಟುಹೋದರು, 1977ರಲ್ಲಿ ಗಿಟಾರಿನ ಸ್ಟೀವ್ ಹ್ಯಾಕೆಟ್. ಉಳಿದವರು ಮೂವರು: ಕೀಬೋರ್ಡಿನ ಟೋನಿ ಬ್ಯಾಂಕ್ಸ್, ಬೇಸ್ ಮತ್ತು ಗಿಟಾರಿನ ಮೈಕ್ ರದರ್‌ಫರ್ಡ್, ಡ್ರಮ್ಸ್ ಬಾರಿಸುತ್ತಲೇ ಗಾಯಕರೂ ಆದ ಫಿಲ್ ಕಾಲಿನ್ಸ್. ಅಂದರೆ 1972ರ ಜೆನೆಸಿಸ್ ಮತ್ತು 1986ರ ಜೆನೆಸಿಸ್ ಬೇರೆ ಬೇರೆ ಎಂದು ನಿಮಗೆ ಅನಿಸಿದ್ದರಲ್ಲಿ ತಪ್ಪೇನಿಲ್ಲ. ಆದರೂ ‘ಸಪ್ಪರ್ಸ್ ರೆಡಿ’ಯ ಕೊನೆಯಲ್ಲಿ ಒಂಬತ್ತು ಮಾತ್ರೆಯ ನಡೆಯ ಮೇಲೆ ಆರ್ಗನ್ ತನ್ನ ಪಾಡಿಗೆ ತಾನು ಅಡ್ಡಡ್ಡ ಹರಿಯುವ ಭಾಗ ನೆನಪಿದೆಯಲ್ಲ, ಅದನ್ನು ನುಡಿಸಿದವರು ಈ ಮೂವರೇ. ಅವರು ಎಲ್ಲಿಗೂ ಹೋಗಿರಲಿಲ್ಲ.

1979ರಲ್ಲಿ ಕಾಲಿನ್ಸ್ ಅವರ ಮೊದಲ ಮದುವೆ ಮುರಿದುಬಿತ್ತು. ಬ್ಯಾಂಕ್ಸ್ ಮತ್ತು ರದರ್‌ಫರ್ಡ್ ತಮ್ಮ ಸ್ವಂತ ಆಲ್ಬಮ್ಮುಗಳಲ್ಲಿ ಮುಳುಗಿದ್ದರು. ಖಾಲಿ ಮನೆಯಲ್ಲಿ ಕಾಲಿನ್ಸ್ ಒಂದು ಡ್ರಮ್ ಯಂತ್ರ, ಒಂದು ಕೀಬೋರ್ಡ್ ಇಟ್ಟುಕೊಂಡು ತಮ್ಮ ನೋವನ್ನೇ ಹಾಡು ಮಾಡತೊಡಗಿದರು. ಆ ತನಕ ಜೆನೆಸಿಸ್ ಹಾಡುಗಳ ‘ನಾನು’ ಪುರಾಣದ, ಕಟ್ಟುಕಥೆಯ ಯಾವುದೋ ಪಾತ್ರವಾಗಿರುತ್ತಿತ್ತು. ಈಗ ‘ನಾನು’ ಅಂದರೆ ನಿಜವಾಗಿಯೂ ಹಾಡುತ್ತಿರುವ ಮನುಷ್ಯ. ಬರೆಯುವ ಕ್ರಮವೂ ಬದಲಾಯಿತು. ಮೊದಲೆಲ್ಲ ಒಬ್ಬೊಬ್ಬರೂ ಮನೆಯಲ್ಲಿ ಬರೆದುಕೊಂಡು ಬಂದದ್ದನ್ನು ಜೋಡಿಸುತ್ತಿದ್ದರು. 1981ರ ‘ಅಬಕ್ಯಾಬ್’ ಹೊತ್ತಿಗೆ ಸರ್ರೆಯಲ್ಲಿ ತಮ್ಮದೇ ಸ್ಟುಡಿಯೋ ಮಾಡಿಕೊಂಡು, ಮೂವರೂ ಒಂದೇ ಕೋಣೆಯಲ್ಲಿ ಕೂತು ನುಡಿಸುತ್ತಾ ನುಡಿಸುತ್ತಾ ಹಾಡು ಹುಟ್ಟಿಸತೊಡಗಿದರು. ಹೀಗೆ ಹುಟ್ಟಿದ ಹಾಡಿನಲ್ಲಿ ಹತ್ತು ಭಾಗಗಳ ಸಂಕೀರ್ಣ ಕಟ್ಟಡ ಬರುವುದು ಕಷ್ಟ. ಅದರ ಬದಲು ಲಯದ ಹಿಡಿತ ಬರುತ್ತದೆ, ಮೌನ ಬರುತ್ತದೆ.

ಇನ್ನೊಂದು ಸಂಗತಿ ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ನಡೆಯಿತು. ಎಂಬತ್ತರ ದಶಕದ ಸದ್ದು ಇದೇ ಎಂದು ನಾವು ಕಣ್ಣು ಮುಚ್ಚಿಕೊಂಡು ಗುರುತಿಸುವ ಆ ಗುಡುಗಿನಂಥ ಡ್ರಮ್ಸ್ ಹುಟ್ಟಿದ್ದು ಅಲ್ಲಿ, ಪೀಟರ್ ಗೇಬ್ರಿಯಲ್ ಅವರ 1980ರ ಮೂರನೇ ಆಲ್ಬಮ್ಮಿನ ಧ್ವನಿಮುದ್ರಣದಲ್ಲಿ. ಡ್ರಮ್ಸ್ ಬಾರಿಸುತ್ತಿದ್ದವರು ಕಾಲಿನ್ಸ್. ಆ ಸ್ಟುಡಿಯೋದ ಕನ್ಸೋಲಿನಲ್ಲಿ, ಒಳಗಿರುವ ವಾದಕರ ಮಾತು ಹೊರಗಿನ ಎಂಜಿನಿಯರ್‌ಗಳಿಗೆ ಕೇಳಿಸಲೆಂದು ಒಂದು ಮೈಕ್ ಇತ್ತು. ದೂರದಿಂದ ಆಡಿದ ಮಾತೂ ಸ್ಪಷ್ಟವಾಗಿ ಕೇಳಲೆಂದು ಅದರ ಸದ್ದನ್ನು ವಿಪರೀತ ಒತ್ತಿ ಸಮಮಾಡುವ ಸರ್ಕ್ಯೂಟ್ ಅದಕ್ಕೆ ಜೋಡಿಸಲಾಗಿತ್ತು. ಕಾಲಿನ್ಸ್ ಡ್ರಮ್ಸ್ ಬಾರಿಸಿದಾಗ ಆ ಮೈಕ್ ತೆರೆದಿತ್ತು. ಇಡೀ ಕೋಣೆಯೇ ಸ್ಪೀಕರಿನಿಂದ ಸಿಡಿದು ಬಂದಂತೆ ಸದ್ದು ಕೇಳಿಸಿತು. ಎಂಜಿನಿಯರ್ ಹ್ಯೂ ಪ್ಯಾಡ್ಗಮ್ ಅದನ್ನು ಬಿಡಲಿಲ್ಲ. ಆ ಸದ್ದಿನ ಬಾಲ ಎಳೆಯದಂತೆ ಗೇಟ್ ಹಾಕಿ ಥಟ್ಟನೆ ಕತ್ತರಿಸಿದರು. ಡ್ರಮ್ಸ್‌ನ ಲೋಹದ ತಟ್ಟೆಗಳಾದ ಸಿಂಬಲ್ ಮುಟ್ಟಲೇಕೂಡದು ಎಂದು ಗೇಬ್ರಿಯಲ್ ಕಟ್ಟುಪಾಡು ಹಾಕಿದ್ದರಿಂದ ಆ ಸದ್ದಿನ ನಡುವೆ ಯಾವ ಝಣಝಣವೂ ಇರಲಿಲ್ಲ. ‘ಇಂಟ್ರೂಡರ್’ ಹಾಡಿನ ಮೊದಲ ಹತ್ತು ಸೆಕೆಂಡ್ ಕೇಳಿದರೆ ಸಾಕು. ಮರುವರ್ಷ ಕಾಲಿನ್ಸ್ ಅದೇ ಸದ್ದನ್ನು ತಮ್ಮ ‘ಇನ್ ದಿ ಏರ್ ಟುನೈಟ್’ಗೆ ತಂದರು, ಅಲ್ಲಿಂದ ಅದು ಜೆನೆಸಿಸ್‌ಗೆ ಬಂತು, ಮುಂದೆ ಲೋಕದ ತುಂಬ ಹರಡಿತು.

ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಎಂಬತ್ತರ ದಶಕದ ‘ಜನಪ್ರಿಯ ಸದ್ದು’ ಎಲ್ಲೋ ಬೇರೆ ಕಡೆ ಸಿದ್ಧವಾಗಿತ್ತು, ಈ ಬ್ಯಾಂಡುಗಳು ಹೋಗಿ ಅದಕ್ಕೆ ತಲೆಬಾಗಿದವು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿದೆ. ಆ ಸದ್ದಿನ ಒಂದು ದೊಡ್ಡ ಪಾಲನ್ನು ಹುಟ್ಟಿಸಿದವರೇ ಹಳೆಯ ಜೆನೆಸಿಸ್‌ನ ಇಬ್ಬರು, ಅದೂ ಪ್ರಯೋಗ ಮಾಡುತ್ತಿದ್ದಾಗ. 1986ರಲ್ಲಿ ‘ಇನ್‌ವಿಸಿಬಲ್ ಟಚ್’ ಹಾಡು ಅಮೆರಿಕದಲ್ಲಿ 1ನೇ ಸ್ಥಾನಕ್ಕೆ ಬಂದಾಗ ಅದನ್ನು ಅಲ್ಲಿಂದ ಕೆಳಗಿಳಿಸಿದ ಹಾಡು ಗೇಬ್ರಿಯಲ್ ಅವರ ‘ಸ್ಲೆಡ್ಜ್‌ಹ್ಯಾಮರ್’. ಒಂದೇ ಶಾಲೆಯ ಅಂಗಳದಿಂದ ಹೊರಟ ಗೆಳೆಯರು ಬೇರೆ ಬೇರೆ ದಾರಿ ಹಿಡಿದು ಹೋಗಿ ಒಂದೇ ಮೆಟ್ಟಿಲಲ್ಲಿ ಎದುರಾದರು.

ಆದರೂ ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ‘ಇನ್‌ವಿಸಿಬಲ್ ಟಚ್’ ಆಲ್ಬಮ್ಮಿನ ಐದು ಹಾಡುಗಳು ಅಮೆರಿಕದಲ್ಲಿ ಮೊದಲ ಐದರೊಳಗೆ ಬಂದವು. ಅವುಗಳಲ್ಲಿ ‘ಇನ್ ಟೂ ಡೀಪ್’ ನನಗೆ ಇವತ್ತಿಗೂ ರುಚಿಸುವುದಿಲ್ಲ. ಅದರಲ್ಲಿ ಮೂವರ ಕೈ ಕಾಣುವುದಿಲ್ಲ, ಒಬ್ಬರ ಗಂಟಲು ಮಾತ್ರ ಕಾಣುತ್ತದೆ. ಆದರೆ ಅದೇ ಆಲ್ಬಮ್ಮಿನಲ್ಲಿ ಹತ್ತು ನಿಮಿಷ ದಾಟುವ ‘ಡಾಮಿನೋ’ ಇದೆ, ಹಾಡೇ ಇಲ್ಲದ ‘ದಿ ಬ್ರೆಜಿಲಿಯನ್’ ಇದೆ. ರೇಡಿಯೋದಲ್ಲಿ ನಾಲ್ಕೂವರೆ ನಿಮಿಷಕ್ಕೆ ಕತ್ತರಿಸಿ ಹಾಕುತ್ತಿದ್ದ ‘ಟುನೈಟ್, ಟುನೈಟ್, ಟುನೈಟ್’ ಆಲ್ಬಮ್ಮಿನಲ್ಲಿ ಸುಮಾರು ಒಂಬತ್ತು ನಿಮಿಷ ಇದೆ. ನಾನು ಈ ಬ್ಯಾಂಡನ್ನು ಕೇಳಿದ್ದು ನಿಮಗೆ ತದ್ವಿರುದ್ಧ ಕ್ರಮದಲ್ಲಿ: ಮೊದಲು ‘ಇನ್‌ವಿಸಿಬಲ್ ಟಚ್’ ಕ್ಯಾಸೆಟ್, ಎಷ್ಟೋ ವರ್ಷಗಳಾದ ಮೇಲೆ ‘ಫಾಕ್ಸ್‌ಟ್ರಾಟ್’. ಹಾಗಾಗಿ ಮೋಸಹೋದೆ ಎಂಬ ಭಾವ ನನಗೆ ಬರಲೇ ಇಲ್ಲ. ‘ಡಾಮಿನೋ’ ತೆರೆದ ಬಾಗಿಲಿನಿಂದಲೇ ನಾನು ‘ಸಪ್ಪರ್ಸ್ ರೆಡಿ’ಗೆ ನಡೆದುಹೋದೆ. ನಾವು ಯಾವುದನ್ನು ಮೊದಲು ಕೇಳಿದೆವು ಎಂಬುದು ನಮ್ಮ ತೀರ್ಪಿನಲ್ಲಿ ಬಹಳ ಕೆಲಸ ಮಾಡುತ್ತದೆ.

ಯೆಸ್ ಕಥೆ ಬೇರೆಯದೇ. ಅವರ ಎಪ್ಪತ್ತರ ದಶಕದ ಮಹತ್ವಾಕಾಂಕ್ಷೆಗೆ ನಮ್ಮ ದೇಶದ ನಂಟೂ ಇದೆ. ಗಾಯಕ ಜಾನ್ ಆಂಡರ್ಸನ್ ಪರಮಹಂಸ ಯೋಗಾನಂದರ ಆತ್ಮಕಥೆ ಓದುತ್ತಿದ್ದಾಗ, ಶಾಸ್ತ್ರಗಳನ್ನು ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂದು ನಾಲ್ಕಾಗಿ ವಿಂಗಡಿಸಿ ಹೇಳುವ ಒಂದು ಅಡಿಟಿಪ್ಪಣಿ ಅವರ ಕಣ್ಣಿಗೆ ಬಿತ್ತು. ಆ ಒಂದು ಅಡಿಟಿಪ್ಪಣಿಯಿಂದ 1973ರ ‘ಟೇಲ್ಸ್ ಫ್ರಮ್ ಟೊಪೊಗ್ರಾಫಿಕ್ ಓಶನ್ಸ್’ ಹುಟ್ಟಿತು: ಎರಡು ಎಲ್‌ಪಿ, ನಾಲ್ಕು ಮಗ್ಗುಲು, ಮಗ್ಗುಲಿಗೆ ಒಂದರಂತೆ ನಾಲ್ಕೇ ಹಾಡು. ಕೀಬೋರ್ಡಿನ ರಿಕ್ ವೇಕ್‌ಮನ್ ಅವರಿಗೆ ಅದು ಸೇರಲಿಲ್ಲ, ಬ್ಯಾಂಡ್ ಬಿಟ್ಟರು. ಅಲ್ಲಿಂದ ಮೇಲಕ್ಕೆ ಹೋಗಲು ಜಾಗವೇ ಇರಲಿಲ್ಲ ಎನ್ನಬಹುದು.

1980ರಲ್ಲಿ ಆಂಡರ್ಸನ್ ಕೂಡ ಹೊರಬಿದ್ದರು. ಹಿಂದಿನ ಬಾರಿ ಬಿಟ್ಟು ಮತ್ತೆ ಬಂದಿದ್ದ ವೇಕ್‌ಮನ್ ಅವರೂ ಜೊತೆಗೇ ಹೋದರು. ಅವರ ಜಾಗಕ್ಕೆ ಬಂದವರು ಯಾರು ಗೊತ್ತೇ? ‘ವಿಡಿಯೋ ಕಿಲ್ಡ್ ದಿ ರೇಡಿಯೋ ಸ್ಟಾರ್’ ಹಾಡಿದ ಬಗಲ್ಸ್ ಜೋಡಿ, ಟ್ರೆವರ್ ಹಾರ್ನ್ ಮತ್ತು ಜೆಫ್ ಡೌನ್ಸ್. ಎಂಟಿವಿಯಲ್ಲಿ ಮೊಟ್ಟಮೊದಲು ಬಂದ ವಿಡಿಯೋ ಅದೇ ಹಾಡಿನದು. ಆ ತಂಡ ಮಾಡಿದ ‘ಡ್ರಾಮಾ’ ಆಲ್ಬಮ್ ಚೆನ್ನಾಗಿಯೇ ಇದೆ, ಆದರೆ ಯೆಸ್ ಮುರಿದುಬಿತ್ತು. ಮುಂದೆ ಬೇಸ್‌ನ ಕ್ರಿಸ್ ಸ್ಕ್ವಯರ್, ಡ್ರಮ್ಸ್‌ನ ಆಲನ್ ವೈಟ್, ದಕ್ಷಿಣ ಆಫ್ರಿಕಾದಿಂದ ಬಂದ ಗಿಟಾರ್ ವಾದಕ ಟ್ರೆವರ್ ರೇಬಿನ್ ಸೇರಿ ‘ಸಿನಿಮಾ’ ಎಂಬ ಹೊಸ ಬ್ಯಾಂಡ್ ಕಟ್ಟಲು ಹೊರಟರು. ಯೆಸ್‌ನ ಮೊದಲ ಕೀಬೋರ್ಡ್ ವಾದಕ ಟೋನಿ ಕೇ ಜೊತೆಯಾದರು. ಹಾರ್ನ್ ಈ ಸಲ ಹಾಡಲಿಲ್ಲ, ನಿರ್ಮಾಪಕರಾಗಿ ಕೂತರು. ಹೆಚ್ಚುಕಡಿಮೆ ಎಲ್ಲ ಸಿದ್ಧವಾದ ಮೇಲೆ ಆಂಡರ್ಸನ್ ಅದನ್ನು ಕೇಳಿ, ಬಂದು ಹಾಡಿದರು. ಆಗ ಅದಕ್ಕೆ ಯೆಸ್ ಎಂಬ ಹಳೆಯ ಹೆಸರೇ ಬಂತು. ಆಲ್ಬಮ್ಮಿಗೆ ಕಂಪನಿಯ ಕ್ಯಾಟಲಾಗ್ ಸಂಖ್ಯೆಯನ್ನೇ ಹೆಸರಾಗಿಟ್ಟರು: ‘90125’.

ಈ ಆಲ್ಬಮ್ಮನ್ನು ‘ಯೆಸ್ ಬದಲಾಯಿತು’ ಎಂದು ನೋಡಿದರೆ ಆಘಾತವಾಗುತ್ತದೆ. ‘ಬೇರೊಂದು ಬ್ಯಾಂಡಿಗೆ ಯೆಸ್ ಹೆಸರು ಬಂತು’ ಎಂದು ನೋಡಿದರೆ ಅದರ ಬುದ್ಧಿವಂತಿಕೆ ಕಾಣುತ್ತದೆ. ‘ಓನರ್ ಆಫ್ ಎ ಲೋನ್ಲಿ ಹಾರ್ಟ್’ 1984ರ ಜನವರಿಯಲ್ಲಿ ಅಮೆರಿಕದಲ್ಲಿ 1ನೇ ಸ್ಥಾನಕ್ಕೆ ಬಂತು. ಯೆಸ್‌ಗೆ ಅಲ್ಲಿ ಆ ಸ್ಥಾನ ಸಿಕ್ಕಿದ್ದು ಅದೊಂದೇ ಹಾಡಿಗೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ. ಗಿಟಾರಿನ ದಪ್ಪ ಸ್ವರಗಳು ಕೋಣೆ ತುಂಬುತ್ತವೆ, ಮರುಕ್ಷಣವೇ ಯಾರೋ ಬಾಗಿಲು ಹಾಕಿದಂತೆ ಎಲ್ಲವೂ ಒಣಗಿ ಹತ್ತಿರ ಬರುತ್ತದೆ. ಇದ್ದಕ್ಕಿದ್ದಂತೆ ಇಡೀ ಆರ್ಕೆಸ್ಟ್ರಾ ಒಮ್ಮೆ ಹೊಡೆದು ಮಾಯವಾಗುತ್ತದೆ. ಅದು ಯಂತ್ರದಲ್ಲಿ ಹಿಡಿದಿಟ್ಟ ತುಣುಕು. ರೇಬಿನ್ ಅವರ ಗಿಟಾರ್ ಸೋಲೋದಲ್ಲಿ ಪ್ರತಿ ಸ್ವರದ ಜೊತೆ ಅದರ ಪಂಚಮವೂ ಅಂಟಿಕೊಂಡು ಬರುತ್ತದೆ. ಎಪ್ಪತ್ತರ ಯೆಸ್ 18 ನಿಮಿಷದ ‘ಕ್ಲೋಸ್ ಟು ದಿ ಎಡ್ಜ್’ನಲ್ಲಿ ಒಂದು ಭಾಗದಿಂದ ಇನ್ನೊಂದಕ್ಕೆ ಹಾರುತ್ತಿದ್ದ ಹಾರಾಟವೇ ಇಲ್ಲಿ ನಾಲ್ಕೂವರೆ ನಿಮಿಷದೊಳಗೆ, ಸದ್ದಿನ ಬಣ್ಣಗಳ ನಡುವೆ ನಡೆಯುತ್ತದೆ. ಇಲ್ಲಿನ ಜಟಿಲತೆಯ ಒಡೆಯ ಹಾರ್ನ್. ಅದಕ್ಕೇ ಅದು ಮುಂದುವರಿಯಲಿಲ್ಲ. ನಾಲ್ಕು ವರ್ಷ ಎಳೆದು 1987ರಲ್ಲಿ ಬಂದ ‘ಬಿಗ್ ಜನರೇಟರ್’ ಹಾರ್ನ್ ನಡುವೆಯೇ ಬಿಟ್ಟುಹೋದ ಆಲ್ಬಮ್. ಅದರಲ್ಲಿ ಅದೇ ಸದ್ದು ಇದೆ, ಆ ಅಚ್ಚರಿ ಇಲ್ಲ.

ಏಷ್ಯಾ ಎಂಬ ಬ್ಯಾಂಡಿನ ಬಗ್ಗೆ ಹೆಚ್ಚು ಹೇಳಲಾರೆ. ಕಿಂಗ್ ಕ್ರಿಮ್ಸನ್‌ನಲ್ಲಿದ್ದ ಜಾನ್ ವೆಟನ್, ಯೆಸ್‌ನ ಸ್ಟೀವ್ ಹೌ, ಇಎಲ್‌ಪಿಯ ಕಾರ್ಲ್ ಪಾಮರ್, ಮೇಲೆ ಹೇಳಿದ ಜೆಫ್ ಡೌನ್ಸ್: ಹೆಸರುಗಳನ್ನು ಓದಿದರೇ ಮೈ ಜುಮ್ಮೆನ್ನುತ್ತದೆ. 1982ರ ಅವರ ಮೊದಲ ಆಲ್ಬಮ್ ಅಮೆರಿಕದಲ್ಲಿ ಒಂಬತ್ತು ವಾರ 1ನೇ ಸ್ಥಾನದಲ್ಲಿತ್ತು. ಹೊದಿಕೆಗೆ ಯೆಸ್ ಆಲ್ಬಮ್ಮುಗಳ ಚಿತ್ರಕಾರ ರೋಜರ್ ಡೀನ್ ಅವರದೇ ಚಿತ್ರ. ಒಳಗಿನ ಹಾಡುಗಳು ಮಾತ್ರ ಆ ಕಾಲದ ಅಮೆರಿಕದ ರೇಡಿಯೋ ರಾಕ್, ಚೆನ್ನಾಗಿ ಹೊಲಿದ ಸಿದ್ಧ ಉಡುಪು. ‘ಹೀಟ್ ಆಫ್ ದಿ ಮೊಮೆಂಟ್’ ಕೇಳಲು ಹಿತವಾಗಿದೆ, ವೆಟನ್ ಕಂಠ ಅದ್ಭುತ. ಆದರೆ ಸ್ಟೀವ್ ಹೌ ಅವರಂಥ ಗಿಟಾರ್ ವಾದಕರಿಗೆ ಅಲ್ಲಿ ಮಾಡಲು ಏನು ಕೆಲಸವಿದೆ ಎಂದು ನಾನು ಎಷ್ಟು ಸಲ ಹುಡುಕಿದರೂ ನನಗೆ ಸಿಕ್ಕಿಲ್ಲ. ನಾನು ಮೊದಲು ಹೇಳಿದ ‘ಮಾರಿಕೊಂಡರು’ ಎಂಬ ಮಾತು ಹೊಂದುವುದು ಇಲ್ಲಿ.

ಕಿಂಗ್ ಕ್ರಿಮ್ಸನ್‌ದು ಇದಕ್ಕೆ ಪೂರ್ತಿ ಎದುರಿನ ದಾರಿ. ಅದರ ಮುಂದಾಳು, ಗಿಟಾರ್ ವಾದಕ ರಾಬರ್ಟ್ ಫ್ರಿಪ್ 1974ರಲ್ಲಿ ಬ್ಯಾಂಡನ್ನು ಮುಚ್ಚಿದ್ದರು. ಆಮೇಲೆ ನ್ಯೂಯಾರ್ಕಿನಲ್ಲಿದ್ದು ಅಲ್ಲಿನ ಹೊಸ ಸಂಗೀತವನ್ನು ಹತ್ತಿರದಿಂದ ಕಂಡರು. 1981ರಲ್ಲಿ ‘ಡಿಸಿಪ್ಲಿನ್’ ಆಲ್ಬಮ್ ಜೊತೆ ಮರಳಿದಾಗ, ಟೇಪಿನಲ್ಲಿ ಹಿಡಿದಿಟ್ಟ ಸದ್ದುಗಳನ್ನು ನುಡಿಸುವ ಹಳೆಯ ಕೀಬೋರ್ಡ್ ಮೆಲೋಟ್ರಾನ್‌ನ ಮಂಜು ಕರಗಿಹೋಗಿತ್ತು. ನ್ಯೂಯಾರ್ಕಿನ ಟಾಕಿಂಗ್ ಹೆಡ್ಸ್ ಬ್ಯಾಂಡ್ ಜೊತೆ ನುಡಿಸಿ ಬಂದಿದ್ದ ಏಡ್ರಿಯನ್ ಬೆಲ್ಯೂ ಗಾಯಕ, ಎರಡನೇ ಗಿಟಾರ್ ಕೂಡ ಅವರದೇ. ಟೋನಿ ಲೆವಿನ್ ಕೈಯಲ್ಲಿ ಬೆರಳಿನಿಂದ ತಟ್ಟಿ ನುಡಿಸುವ ಚ್ಯಾಪ್‌ಮನ್ ಸ್ಟಿಕ್. ಬಿಲ್ ಬ್ರೂಫರ್ಡ್ ಎದುರು ಎಲೆಕ್ಟ್ರಾನಿಕ್ ಡ್ರಮ್ಸ್. ಹಾಡುಗಳು ಗಿಡ್ಡ, ಸದ್ದು ಸ್ವಚ್ಛ, ಕುಣಿಸುವ ಹಾಗಿದೆ. ಆದರೆ ‘ಫ್ರೇಮ್ ಬೈ ಫ್ರೇಮ್’ನಲ್ಲಿ ಎರಡು ಗಿಟಾರುಗಳು ಏಳರ ನಡೆಯಲ್ಲಿ ಒಟ್ಟಿಗೆ ಹೊರಡುತ್ತವೆ. ಸ್ವಲ್ಪ ಹೊತ್ತಿನಲ್ಲಿ ಒಂದು 14ರ ಸುತ್ತನ್ನು ಬಿಡದೆ ಹಿಡಿದಿರುತ್ತದೆ, ಇನ್ನೊಂದು ಒಂದೇ ಒಂದು ಸ್ವರ ಕಳೆದುಕೊಂಡು 13ಕ್ಕೆ ಜಾರುತ್ತದೆ. ಒಂದನ್ನೊಂದು ಬಿಟ್ಟು ದೂರ ಹೋಗಿ ಮತ್ತೆ ಕೂಡಿಕೊಳ್ಳುತ್ತವೆ. ತನಿ ಆವರ್ತನದಲ್ಲಿ ಲೆಕ್ಕ ತಪ್ಪಿತೇನೋ ಎಂದು ನಾವು ಉಸಿರು ಬಿಗಿಹಿಡಿದಿರುವಾಗ ಮೃದಂಗ, ಘಟಗಳೆರಡೂ ಸಮಕ್ಕೆ ಬಂದು ಬೀಳುತ್ತವಲ್ಲ, ಆ ಸುಖವನ್ನು ಬಲ್ಲವರಿಗೆ ಈ ಹಾಡನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದು ಮುಖ್ಯವಾಹಿನಿಗೆ ಸೇರಲಿಲ್ಲ; ದೊಡ್ಡದಾಗಿ ಮಾರಾಟವೂ ಆಗಲಿಲ್ಲ. ಹೊಸ ಕಾಲದ ಬಟ್ಟೆ ತೊಟ್ಟೂ ಒಂದಿಷ್ಟೂ ಸಡಿಲವಾಗದೆ ಇರಬಹುದು ಎಂಬುದಕ್ಕೆ ಸಾಕ್ಷಿಯಾಗಿ ನಿಂತಿತು.

ಇನ್ನು ರಷ್. ಯಾರು ಚೆನ್ನಾಗಿ ದಾಟಿದರು ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇವರೇ.

ಟೊರಾಂಟೋದ ಈ ಮೂವರು, ಬೇಸ್ ಮತ್ತು ಗಾಯನದ ಗೆಡ್ಡಿ ಲೀ, ಗಿಟಾರಿನ ಅಲೆಕ್ಸ್ ಲೈಫ್‌ಸನ್, ಡ್ರಮ್ಸ್‌ನ ನೀಲ್ ಪೀರ್ಟ್, 1976ರಲ್ಲಿ ಕಂಪನಿ ಗಿಡ್ಡ ಹಾಡು ಬೇಕೆನ್ನುತ್ತಿದ್ದಾಗ ಹಟ ಹಿಡಿದು 20 ನಿಮಿಷದ ‘2112’ ಕೊಟ್ಟವರು. ಅಂದರೆ ಒತ್ತಡಕ್ಕೆ ಮಣಿಯುವ ಜಾಯಮಾನ ಅವರದಲ್ಲ. ಅವರು ಉದ್ದದ ಹಾಡು ಬಿಟ್ಟದ್ದು ಹೊರಗಿನ ಮಾತಿಗೆ ಕಿವಿಗೊಟ್ಟಲ್ಲ. 1978ರ ‘ಹೆಮಿಸ್ಫಿಯರ್ಸ್’ ಧ್ವನಿಮುದ್ರಣ ಅವರನ್ನು ಹಿಂಡಿ ಹಿಪ್ಪೆ ಮಾಡಿತು. ಲೀ ಹಾಡಬೇಕಿದ್ದ ಶ್ರುತಿಯೇ ಅವರಿಗೆ ಮೀರಿದ್ದಾಗಿತ್ತು. ಇನ್ನು ಈ ದಾರಿಯಲ್ಲಿ ಹೋದರೆ ನಮ್ಮನ್ನೇ ನಾವು ನಕಲು ಮಾಡಿದಂತೆ ಎಂದು ಅವರಿಗೇ ಅನಿಸಿತು. 1980ರ ‘ಪರ್ಮನೆಂಟ್ ವೇವ್ಸ್’ನ ಮೊದಲ ಹಾಡು ‘ದಿ ಸ್ಪಿರಿಟ್ ಆಫ್ ರೇಡಿಯೋ’ ಐದು ನಿಮಿಷಕ್ಕಿಂತ ಕಡಿಮೆ, ನಡುವೆ ಜಮೈಕಾದ ರೆಗೆ ಲಯ ಬಂದುಹೋಗುತ್ತದೆ, ವಿಷಯ ರೇಡಿಯೋದ ವ್ಯಾಪಾರವೇ.

1981ರ ‘ಮೂವಿಂಗ್ ಪಿಕ್ಚರ್ಸ್’ನಲ್ಲಿ ಈ ಕಲೆ ಪಕ್ವವಾಯಿತು. ‘ಟಾಮ್ ಸಾಯರ್’ ನಾಲ್ಕೂವರೆ ನಿಮಿಷ. ನಾಲ್ಕರ ನಡೆಯಲ್ಲಿ ಹೊರಟು, ನಡುವಿನಲ್ಲಿ ಸಿಂಥ್, ಅಂದರೆ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ಕೀಬೋರ್ಡ್, ಏಳರ ಎಳೆ ಹಿಡಿಯುತ್ತದೆ, ಅದರ ಮೇಲೆ ಗಿಟಾರ್ ಹಾರುತ್ತದೆ, ಹಾಡು ಮತ್ತೆ ನಾಲ್ಕಕ್ಕೆ ಇಳಿಯುತ್ತದೆ. ಏಳು ಮಾತ್ರೆಯ ಮಿಶ್ರ ಛಾಪು ತಾಳ ಕೇಳಿ ಬೆಳೆದ ಕಿವಿಗೆ ಆ ತಿರುವು ಎಲ್ಲಿ ಎಂಬುದು ಒಂದೇ ಸಲಕ್ಕೆ ಗೊತ್ತಾಗುತ್ತದೆ. ‘ವೈವೈಝಡ್’ನ ಆರಂಭದ ಲಯವಂತೂ ಟೊರಾಂಟೋ ವಿಮಾನ ನಿಲ್ದಾಣದ ಸಂಕೇತಾಕ್ಷರಗಳನ್ನು ಮೋರ್ಸ್ ಕೋಡಿನಲ್ಲಿ ಬಾರಿಸಿದ್ದು, ಹತ್ತು ಮಾತ್ರೆಗೆ ಸರಿಯಾಗಿ ಕೂರುತ್ತದೆ. ಅದೇ ಆಲ್ಬಮ್ಮಿನ ‘ದಿ ಕ್ಯಾಮೆರಾ ಐ’ ಹತ್ತು ನಿಮಿಷ ದಾಟಿದ ಅವರ ಕೊನೆಯ ಹಾಡು. ಅಂದರೆ ಒಂದು ಬಾಗಿಲು ಮುಚ್ಚುವುದು, ಇನ್ನೊಂದು ತೆರೆಯುವುದು ಒಂದೇ ತಟ್ಟೆಯಲ್ಲಿ ಕೇಳಿಸುತ್ತದೆ.

ಪೀರ್ಟ್ ಬರೆಯುತ್ತಿದ್ದ ಸಾಹಿತ್ಯವೂ ಮನೆಗೆ ಬಂತು. ಗ್ರಹಗಳು, ದೇವತೆಗಳು, ಭವಿಷ್ಯದ ಪುರೋಹಿತರು ಹೋಗಿ, 1982ರ ‘ಸಿಗ್ನಲ್ಸ್’ ಆಲ್ಬಮ್ಮಿನ ‘ಸಬ್‌ಡಿವಿಷನ್ಸ್’ನಲ್ಲಿ ಒಂದೇ ಥರದ ಮನೆಗಳ ಬಡಾವಣೆಯಲ್ಲಿ ಉಸಿರುಗಟ್ಟುವ ಹದಿಹರೆಯದವರು ಬಂದರು. ಆ ಹಾಡು ಶುರುವಾಗುವುದು ಗಿಟಾರಿನಿಂದಲ್ಲ, ಸಿಂಥ್‌ನಿಂದ, ಮತ್ತೆ ಏಳರಲ್ಲಿ. ಇದೇ ಆಲ್ಬಮ್ಮಿನ ‘ನ್ಯೂ ವರ್ಲ್ಡ್ ಮ್ಯಾನ್’ ಕಥೆ ನನಗೆ ತುಂಬ ಇಷ್ಟ. ಕ್ಯಾಸೆಟ್ಟಿನ ಎರಡು ಮಗ್ಗುಲ ಉದ್ದ ಸಮವಾಗಲು ಸುಮಾರು ನಾಲ್ಕು ನಿಮಿಷದ ಹಾಡೊಂದು ಬೇಕಿತ್ತು. ಆ ಖಾಲಿ ಜಾಗ ತುಂಬಲು ಬೇಗಬೇಗ ಬರೆದು ನುಡಿಸಿದ್ದು ಅದು. ಅಮೆರಿಕದ ಮೊದಲ 40ರೊಳಗೆ ಬಂದ ರಷ್ ಹಾಡು ಅದೊಂದೇ, 21ನೇ ಸ್ಥಾನ.

ರಷ್ ಬೆಲೆ ತೆರಲಿಲ್ಲ ಎಂದಲ್ಲ. ‘ಸಿಗ್ನಲ್ಸ್’ ನಂತರ, ಬಹುಕಾಲದ ನಿರ್ಮಾಪಕ ಟೆರ್ರಿ ಬ್ರೌನ್ ಅವರಿಂದ ದೂರ ಸರಿದರು. 1985ರ ‘ಪವರ್ ವಿಂಡೋಸ್’, 1987ರ ‘ಹೋಲ್ಡ್ ಯುವರ್ ಫೈರ್’ ಹೊತ್ತಿಗೆ ಸಿಂಥ್‌ಗಳು ಎಷ್ಟು ದಟ್ಟವಾದವೆಂದರೆ ಲೈಫ್‌ಸನ್ ತಮ್ಮ ಗಿಟಾರಿಗೆ ಜಾಗ ಹುಡುಕಿಕೊಳ್ಳಬೇಕಾಯಿತು. ಆ ಅಸಮಾಧಾನವನ್ನು ಅವರು ಮುಚ್ಚಿಟ್ಟವರಲ್ಲ. ಆದರೆ ಆ ಸಿಂಥ್‌ಗಳೇ ಕೊಟ್ಟ ಒಂದು ಹಾಡಿದೆ. 1984ರ ‘ರೆಡ್ ಸೆಕ್ಟರ್ ಎ’. ಲೀ ಅವರ ತಾಯಿ ನಾಜಿ ಶಿಬಿರಗಳಿಂದ ಬದುಕಿ ಬಂದವರು. ಆ ನೆನಪಿನ ಬೆಂಕಿ ಈ ಹಾಡಿನಲ್ಲಿದೆ. ಲೋಕದ ಶ್ರೇಷ್ಠ ಬೇಸ್ ವಾದಕರಲ್ಲಿ ಒಬ್ಬರು ಈ ಹಾಡಿನಲ್ಲಿ ಬೇಸ್ ಮುಟ್ಟುವುದೇ ಇಲ್ಲ, ಕೀಬೋರ್ಡಿನ ಮುಂದೆ ನಿಂತು ಹಾಡುತ್ತಾರೆ. ಕೆಳಗೆ ಇರಬೇಕಾದ ನೆಲವೇ ಇಲ್ಲದ ಹಾಗೆ ಆ ಹಾಡು ತೂಗಾಡುತ್ತದೆ. ಹೊಸ ಯಂತ್ರವನ್ನು ರೇಡಿಯೋಗಾಗಿ ಬಳಸುವುದಕ್ಕೂ ಹೇಳಬೇಕಾದ ಮಾತಿಗಾಗಿ ಬಳಸುವುದಕ್ಕೂ ಇರುವ ಅಂತರ ಅಲ್ಲಿ ಕೇಳಿಸುತ್ತದೆ.

ದಾಟಲಾರದೆ ಹೋದವರೂ ಇದ್ದಾರೆ. ನನಗೆ ಅತಿ ಹೆಚ್ಚು ನೋವು ಕೊಡುವುದು ಜೆಂಟಲ್ ಜಯಂಟ್. ಸ್ವರದ ಮೇಲೆ ಸ್ವರ ಹೆಣೆಯುವುದರಲ್ಲಿ ಇವರೆಲ್ಲರನ್ನೂ ಮೀರಿಸಿದ್ದವರು. 1978ರ ‘ಜಯಂಟ್ ಫಾರ್ ಎ ಡೇ’, 1980ರ ‘ಸಿವಿಲಿಯನ್’ಗಳಲ್ಲಿ ತಮ್ಮನ್ನು ತಾವೇ ಕತ್ತರಿಸಿಕೊಂಡು ಸರಳವಾಗಲು ಹೊರಟರು. ಆ ಸರಳತೆ ಅವರಿಗೆ ಒಗ್ಗಲಿಲ್ಲ, ಕೇಳುಗರೂ ಒಲಿಯಲಿಲ್ಲ. 1980ರಲ್ಲೇ ಬ್ಯಾಂಡ್ ಮುಗಿಯಿತು.

ಅದೇ ಹೊತ್ತಿಗೆ ಬ್ರಿಟನ್ನಿನಲ್ಲಿ ಹೊಸ ಹುಡುಗರು ಹಳೆಯ ಜೆನೆಸಿಸ್‌ನ ಗುಂಗಿನಲ್ಲೇ ಬೆಳೆಯುತ್ತಿದ್ದರು. ಅವರಲ್ಲಿ ಮರಿಲಿಯನ್ ಮುಖ್ಯ. ಅವರ ‘ಕೇಲಿ’ 1985ರಲ್ಲಿ ಬ್ರಿಟನ್ನಿನಲ್ಲಿ 2ನೇ ಸ್ಥಾನಕ್ಕೆ ಬಂತು. ರೇಡಿಯೋದಲ್ಲಿ ಕೇಳಿದವರಿಗೆ ಅದು ಒಂದು ಪ್ರೇಮ ವಿಷಾದದ ಹಾಡು. ಆದರೆ ಅದನ್ನು ಕಿತ್ತು ತೆಗೆದದ್ದು ‘ಮಿಸ್‌ಪ್ಲೇಸ್ಡ್ ಚೈಲ್ಡ್‌ಹುಡ್’ ಎಂಬ 41 ನಿಮಿಷದ ಆಲ್ಬಮ್ಮಿನಿಂದ. ಅದರಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಜಾಗವೇ ಕಾಣದ ಹಾಗೆ ಹರಿವು ಇದೆ. ಆ ಆಲ್ಬಮ್ಮೂ 1ನೇ ಸ್ಥಾನಕ್ಕೆ ಬಂತು. ಉದ್ದನೆಯ ಕಥನವನ್ನು ಎಂಬತ್ತರ ದಶಕ ಕೊಂದುಹಾಕಿತು ಎನ್ನುವವರಿಗೆ ನಾನು ಈ ಆಲ್ಬಮ್ಮನ್ನು ಕೊಡುತ್ತೇನೆ.

ನೀವು ಜೆನೆಸಿಸ್‌ನಿಂದ ಕೇಳಲು ಶುರು ಮಾಡಿದವರು, ಹಾಗಾಗಿ ನಿಮಗೊಂದು ಕೊನೆಯ ಸಲಹೆಯೂ ಜೆನೆಸಿಸ್‌ನಿಂದಲೇ. ‘ಡ್ಯೂಕ್’ ಮಾಡುವಾಗ ಅವರ ಕೈಯಲ್ಲಿ ಸುಮಾರು 30 ನಿಮಿಷದ ಒಂದು ಉದ್ದನೆಯ ಕೃತಿ ಸಿದ್ಧವಿತ್ತು. ಇಡಿಯಾಗಿ ಹಾಕಿದರೆ ಎಲ್ಲರೂ ‘ಸಪ್ಪರ್ಸ್ ರೆಡಿ’ ಜೊತೆ ಹೋಲಿಸಲು ಕೂರುತ್ತಾರೆ ಎಂದು ಅದನ್ನು ತುಂಡು ಮಾಡಿ ಆಲ್ಬಮ್ಮಿನ ಉದ್ದಕ್ಕೂ ಹಂಚಿದರು. ನೀವು ಮೊದಲು ತಾಳ ಹಾಕಿದ ಆ 13ರ ಹಾಡೂ ಅದರದೇ ಒಂದು ತುಂಡು. 1980ರ ಪ್ರವಾಸದಲ್ಲಿ ಅವರು ಅದನ್ನು ಒಟ್ಟಾಗಿಯೇ ನುಡಿಸಿದ್ದರು. ನಿಮ್ಮ ಫೋನಿನಲ್ಲಿ ಒಂದು ಪಟ್ಟಿ ಮಾಡಿಕೊಂಡು ಈ ಕ್ರಮದಲ್ಲಿ ಜೋಡಿಸಿ: ‘ಬಿಹೈಂಡ್ ದಿ ಲೈನ್ಸ್’, ‘ಡಚೆಸ್’, ‘ಗೈಡ್ ವೋಕಲ್’, ‘ಟರ್ನ್ ಇಟ್ ಆನ್ ಎಗೇನ್’, ‘ಡ್ಯೂಕ್ಸ್ ಟ್ರಾವೆಲ್ಸ್’, ‘ಡ್ಯೂಕ್ಸ್ ಎಂಡ್’. ‘ಗೈಡ್ ವೋಕಲ್’ನ ರಾಗ ‘ಡ್ಯೂಕ್ಸ್ ಟ್ರಾವೆಲ್ಸ್’ನ ಕೊನೆಯಲ್ಲಿ ಗುಡುಗುತ್ತಾ ಮರಳಿ ಬರುವಾಗ ವಾಲ್ಯೂಮ್ ಸ್ವಲ್ಪ ಏರಿಸಿಕೊಳ್ಳಿ.